ಘಟ್ಟದ ತಿರುವಿನಲ್ಲಿ ಬ್ರೇಕ್ ಹಿಡಿದವನು ಹೇಡಿಯಲ್ಲ

ಪ್ರಶ್ನೆ: ನಮ್ಮದು ಕುಮಟಾ ಹತ್ತಿರದ ಹಳ್ಳಿ. ಮಗ ಶಿರಸಿಯಲ್ಲಿ ಡಿಗ್ರಿ ಎರಡನೇ ವರ್ಷ ಓದುತ್ತಿದ್ದಾನೆ. ಸೈಕಲ್ ರೇಸಿನಲ್ಲಿ ಹೆಸರು ಮಾಡಬೇಕೆಂಬ ಹಟ. ಮಳೆಗಾಲದಲ್ಲೂ ದೇವಿಮನೆ ಘಟ್ಟ ಇಳಿದು ಸೈಕಲ್ಲಿನಲ್ಲೇ ಊರಿಗೆ ಬರುತ್ತಾನೆ. ಬೇಡವೆಂದರೆ ಮೊಬೈಲಿನಲ್ಲಿ ಟೂರ್ ಡಿ ಫ್ರಾನ್ಸ್ ತೋರಿಸಿ, "ನೋಡು ಆಯಿ, ಇವರೆಲ್ಲ ಮಳೆಯಲ್ಲೇ ಇಳೀತಾರೆ, ಯಾರೂ ನಿಲ್ಲೋದಿಲ್ಲ" ಎನ್ನುತ್ತಾನೆ. ರಸ್ತೆ ಅಷ್ಟು ಅಪಾಯವಾಗಿರುವಾಗ ಆ ದೊಡ್ಡ ಸವಾರರಾದರೂ ರೇಸ್ ನಿಲ್ಲಿಸಬೇಕಲ್ಲವೇ? ಅವರು ನಿಲ್ಲಿಸದಿದ್ದರೆ ನನ್ನ ಮಾತನ್ನು ಇವನು ಏಕೆ ಕೇಳುತ್ತಾನೆ?

ಉತ್ತರ:

ಅಕ್ಕಾ, ನೇರ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಿಲ್ಲಿಸಬೇಕು. ನಿಲ್ಲಿಸಿಯೂ ಇದ್ದಾರೆ, ಒಂದಲ್ಲ ಹಲವು ಸಲ. ನಿಂತ ರೇಸನ್ನು ಯಾರೂ ತುಣುಕು ಮಾಡಿ ಹಂಚುವುದಿಲ್ಲ, ಹಾಗಾಗಿ ಅದು ನಿಮ್ಮ ಮಗನ ಮೊಬೈಲಿಗೆ ಬರುವುದಿಲ್ಲ, ಅಷ್ಟೇ. ಆದರೆ ನಿಲ್ಲಿಸುವ ತೀರ್ಮಾನವನ್ನು ಪೆಡಲ್ ತುಳಿಯುತ್ತಿರುವವನ ತಲೆಗೆ ಕಟ್ಟಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಾನೂ ರೇಸ್ ಓಡಿಸಿದವನು, ಈಗ ಹುಡುಗರಿಗೆ ಕಲಿಸುತ್ತೇನೆ, ಆಗಾಗ ತೀರ್ಪುಗಾರನಾಗಿಯೂ ಕೂರುತ್ತೇನೆ. ಈ ಮೂರೂ ಕಡೆಯಿಂದ ನೋಡಿ ಬಂದ ಅಭಿಪ್ರಾಯ ಇದು.

ನಿಮ್ಮ ಮಗ ತೋರಿಸುವ ಅದೇ ಟೂರ್ ಡಿ ಫ್ರಾನ್ಸಿನ ಕತೆಯನ್ನೇ ಹೇಳುತ್ತೇನೆ. ದಿನಕ್ಕೊಂದು ಹಂತದಂತೆ ಮೂರು ವಾರ ನಡೆಯುವ ರೇಸ್ ಅದು. 2019ರ ಜುಲೈ 26, ಹತ್ತೊಂಬತ್ತನೇ ಹಂತ. ಆಲ್ಪ್ಸ್ ಪರ್ವತದ ಇಸೆರಾನ್ ಘಟ್ಟ, ಸಮುದ್ರಮಟ್ಟದಿಂದ 2,700 ಮೀಟರಿಗೂ ಮೇಲೆ. ಕೊಲಂಬಿಯಾದ ಎಗಾನ್ ಬರ್ನಾಲ್ ಎಂಬ ಇಪ್ಪತ್ತೆರಡರ ಹುಡುಗ ಎಲ್ಲರನ್ನೂ ಹಿಂದೆ ಬಿಟ್ಟು ತುದಿ ದಾಟಿದ್ದ. ಒಟ್ಟು ಸಮಯದಲ್ಲಿ ಮುಂದಿರುವವನು ತೊಡುವ ಹಳದಿ ಅಂಗಿ ಆಗ ಫ್ರಾನ್ಸಿನ ಜೂಲಿಯನ್ ಅಲಾಫಿಲಿಪ್ ಮೈಮೇಲಿತ್ತು. 1985ರ ನಂತರ ಫ್ರಾನ್ಸಿನ ಯಾವ ಗಂಡಾಳೂ ಆ ರೇಸ್ ಗೆದ್ದಿರಲಿಲ್ಲ, ಇಡೀ ದೇಶ ಅವನ ಮೇಲೆ ಆಸೆ ಇಟ್ಟಿತ್ತು. ಬರ್ನಾಲ್ ಘಟ್ಟ ಇಳಿಯತೊಡಗಿದಾಗ ಅತ್ತ ಕೆಳಗಿನ ಕಣಿವೆಯಲ್ಲಿ ಆಲಿಕಲ್ಲು ಸುರಿದು ರಸ್ತೆ ಬೆಳ್ಳಗಾಗಿತ್ತು. ಅದರಾಚೆ ಗುಡ್ಡ ಜರಿದು ಕೆಸರು ರಸ್ತೆಗೆ ಅಡ್ಡ ಬಿದ್ದಿತ್ತು. ಇಳಿಯುತ್ತಿದ್ದವರಿಗೆ ಇದಾವುದೂ ಗೊತ್ತಿಲ್ಲ. ಅವರ ಪಾಲಿಗೆ ರಸ್ತೆ ಚೆನ್ನಾಗಿಯೇ ಇತ್ತು. ಸಂಘಟಕರು ರೇಸ್ ನಿಲ್ಲಿಸಿದರು. ಇಸೆರಾನ್ ತುದಿ ದಾಟಿದ ಸಮಯವನ್ನೇ ಲೆಕ್ಕಕ್ಕೆ ಹಿಡಿದರು. ಆ ಹಂತಕ್ಕೆ ವಿಜೇತ ಎಂದು ಯಾರ ಹೆಸರೂ ಬರಲಿಲ್ಲ, ಹಳದಿ ಅಂಗಿ ಬರ್ನಾಲ್‌ಗೆ ಹೋಯಿತು, ಕೊನೆಗೆ ರೇಸನ್ನೂ ಅವನೇ ಗೆದ್ದ. ಮರುದಿನದ ಹಂತವನ್ನೂ ಕುಸಿತದ ಕಾರಣಕ್ಕೆ 130 ಕಿ.ಮೀ.ಯಿಂದ 59ಕ್ಕೆ ಇಳಿಸಿದರು.

ನಾನು ಇದನ್ನು ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣವಿದೆ. ಗುಡ್ಡ ಜರಿಯುವುದೆಂದರೆ ಏನೆಂದು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಇಳಿದು ಬಂದು ರಸ್ತೆಬದಿಯ ಚಹಾದಂಗಡಿಯನ್ನೂ ನಿಂತ ಲಾರಿಯನ್ನೂ ಗಂಗಾವಳಿ ನದಿಗೆ ನೂಕಿತು. ಆ ಲಾರಿ ನದಿಯಿಂದ ಮೇಲೆ ಬಂದದ್ದು ಸೆಪ್ಟೆಂಬರಿನಲ್ಲಿ. ಅಲ್ಲಿ ಚಾಲಕನ ಕೈಚಳಕದಿಂದ ಏನಾಗುತ್ತಿತ್ತು? ಸವಾರ ತನ್ನ ಕೌಶಲದಿಂದ ಸಂಭಾಳಿಸಬಹುದಾದ ಅಪಾಯ ಬೇರೆ, ಯಾರ ಕೌಶಲವೂ ನಡೆಯದ ಅಪಾಯ ಬೇರೆ. ಒದ್ದೆ ರಸ್ತೆ ಮೊದಲನೆಯ ಜಾತಿ. ಜರಿದ ಧರೆ, ರಸ್ತೆ ತುಂಬಿದ ಆಲಿಕಲ್ಲು, ಮಾರು ದೂರ ಕಾಣದ ಮಂಜು, ಬ್ರೇಕ್ ಹಿಡಿಯಲಾಗದಂತೆ ಮರಗಟ್ಟಿದ ಕೈ, ಇವೆಲ್ಲ ಎರಡನೆಯದು. ಎರಡನೆಯದು ಬಂದಾಗ ಚರ್ಚೆಯೇ ಇಲ್ಲ, ರೇಸ್ ನಿಲ್ಲಬೇಕು. ತಂಟೆ ಇರುವುದೆಲ್ಲ ಮೊದಲನೆಯದರಲ್ಲಿ.

ಮಳೆ ಬಂದಾಗ ಸವಾರ ತಾನೇ ನಿಧಾನ ಮಾಡಬಹುದಲ್ಲ, ಯಾರು ಬೇಡ ಎನ್ನುತ್ತಾರೆ ಎಂದು ನಿಮಗೆ ಅನ್ನಿಸಬಹುದು. ತದಡಿ ಬಂದರಿಗೋ ಕಾರವಾರದ ಬೈತಖೋಲಕ್ಕೋ ಜೂನ್ ತಿಂಗಳಲ್ಲಿ ಹೋಗಿ ನೋಡಿ. ಯಾಂತ್ರೀಕೃತ ದೋಣಿಗಳೆಲ್ಲ ದಡದಲ್ಲಿರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಮೀನಿನ ಸಂತಾನಕ್ಕಾಗಿಯೂ ಹೌದು, ಆ ದಿನಗಳ ಕಡಲು ಎಂಥದೆಂದು ಗೊತ್ತಿರುವುದಕ್ಕೂ ಹೌದು. ಈ ನಿಷೇಧವಿಲ್ಲದೆ, "ಯಾರಿಗೆ ಭಯವೋ ಅವರು ಮನೆಯಲ್ಲಿರಿ" ಎಂದು ಮಾತ್ರ ಹೇಳಿದ್ದರೆ ಏನಾಗುತ್ತಿತ್ತು? ಪಕ್ಕದ ದೋಣಿ ಹೊರಟಿತೆಂದು ಇವನೂ ಹೊರಡುತ್ತಿದ್ದ. ಸಾಲದ ಕಂತು ಇಬ್ಬರಿಗೂ ಇದೆ. ಎಲ್ಲರಿಗೂ ಒಂದೇ ದಿನ, ಒಂದೇ ನಿಯಮ ಆದಾಗ ಮಾತ್ರ ದಡದಲ್ಲಿ ಕೂತವನಿಗೆ ನಷ್ಟವೂ ಇಲ್ಲ, ಅವಮಾನವೂ ಇಲ್ಲ.

ಸೈಕಲ್ ರೇಸಿನಲ್ಲೂ ಹೀಗೆಯೇ. ನೂರೈವತ್ತು ಜನ ಒಟ್ಟಿಗೆ ಘಟ್ಟ ಇಳಿಯುತ್ತಾರೆ. ಒಬ್ಬ ತಿರುವಿಗೆ ಎರಡು ಸೆಕೆಂಡಿನಂತೆ ಬಿಟ್ಟುಕೊಟ್ಟರೂ ಹತ್ತು ತಿರುವು ಕಳೆಯುವಷ್ಟರಲ್ಲಿ ಗುಂಪು ಕೈತಪ್ಪಿ ಹೋಗಿರುತ್ತದೆ. ಗುಂಪು ತಪ್ಪಿದವನು ಗಾಳಿಗೆ ಒಬ್ಬನೇ ಎದೆಯೊಡ್ಡಬೇಕು, ಮತ್ತೆ ಸೇರಿಕೊಳ್ಳುವುದು ಬಹಳ ಕಷ್ಟ. ತಂಡದ ಜೊತೆ ಹಲವರ ಒಪ್ಪಂದ ಒಂದೆರಡು ವರ್ಷದ್ದು. ನಾಯಕನಿಗೆ ನೀರು ತಂದುಕೊಡುವ ಕೆಲಸದ ಹುಡುಗನಿಗೆ ಮುಂದಿನ ವರ್ಷ ತಂಡ ಸಿಗುತ್ತದೋ ಇಲ್ಲವೋ ಎಂಬ ಚಿಂತೆ. ಅಂಥವನಿಗೆ "ನಿನಗೆ ಅಪಾಯ ಅನ್ನಿಸಿದರೆ ನಿಲ್ಲು" ಎನ್ನುವುದು ಸ್ವಾತಂತ್ರ್ಯ ಕೊಟ್ಟಂತಲ್ಲ, ಹೊಣೆ ಜಾರಿಸಿಕೊಂಡಂತೆ.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು, ನಿಮ್ಮ ಮಗನಿಗೂ ಓದಿ ಹೇಳಿ. ತಿರುವಿನಲ್ಲಿ ಸೈಕಲ್ಲನ್ನು ರಸ್ತೆಗೆ ಹಿಡಿದಿಡುವುದು ಟೈರಿನ ಹಿಡಿತ ಒಂದೇ. ಆ ಹಿಡಿತ ಅರ್ಧಕ್ಕೆ ಇಳಿದರೆ ವೇಗವನ್ನೂ ಅರ್ಧ ಮಾಡಬೇಕಾಗಿಲ್ಲ. ಒಣ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ.ಯಲ್ಲಿ ದಾಟಬಹುದಾದ ತಿರುವನ್ನು ಸುಮಾರು 28ರಲ್ಲಿ ದಾಟಬಹುದು. ಎಂದರೆ ಎಲ್ಲರೂ ಹತ್ತಕ್ಕೆ ಮೂರು ಪಾಲು ವೇಗ ಬಿಟ್ಟರೆ ಸಾಕು, ಅದೇ ರಸ್ತೆ ಹೆಚ್ಚುಕಡಿಮೆ ಒಣ ದಿನದಷ್ಟೇ ಕ್ಷೇಮ. ನಿಲ್ಲುವ ದೂರದ ಲೆಕ್ಕ ಇನ್ನೂ ಕಠಿಣ: ವೇಗ ಇಮ್ಮಡಿಯಾದರೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟು. ಹೊಸ ಸೈಕಲ್ಲುಗಳಲ್ಲಿ ಡಿಸ್ಕ್ ಬ್ರೇಕ್ ಇದೆ, ಮಳೆಯಲ್ಲೂ ಗಟ್ಟಿಯಾಗಿ ಹಿಡಿಯುತ್ತದೆ ಎಂದು ಹುಡುಗರು ಧೈರ್ಯ ತಂದುಕೊಳ್ಳುತ್ತಾರೆ. ಬ್ರೇಕ್ ಹಿಡಿಯುವುದು ಚಕ್ರವನ್ನು. ರಸ್ತೆಯನ್ನು ಹಿಡಿಯಬೇಕಾದದ್ದು ಟೈರು, ಅದೂ ಹೆಬ್ಬೆರಳಿನಗಲದ ಜಾಗದಲ್ಲಿ.

ಎಲ್ಲರೂ ಒಟ್ಟಿಗೆ ವೇಗ ಬಿಟ್ಟರೆ ಸಾಕು ಎಂದೆನಲ್ಲ, ಅಂಥದ್ದೂ ನಡೆದಿದೆ. 2010ರ ಟೂರ್‌ನ ಎರಡನೇ ಹಂತ, ಬೆಲ್ಜಿಯಮ್ಮಿನ ಬ್ರಸೆಲ್ಸ್‌ನಿಂದ ಸ್ಪಾಗೆ. ಸ್ಟಾಕೂ ಎಂಬ ಇಳಿಜಾರಿನಲ್ಲಿ ಮಳೆಗೆ ರಸ್ತೆ ಎಣ್ಣೆ ಹಚ್ಚಿದಂತಾಗಿ ಸವಾರರು ಸಾಲುಸಾಲಾಗಿ ಬಿದ್ದರು. ಹಳದಿ ಅಂಗಿಯಲ್ಲಿದ್ದ ಸ್ವಿಟ್ಜರ್ಲೆಂಡಿನ ಫೇಬಿಯನ್ ಕಾನ್ಸೆಲಾರಾ ಮುಂದೆ ಬಂದು ಗುಂಪನ್ನು ನಿಧಾನ ಮಾಡಿಸಿದ. ಬಿದ್ದವರು ಎದ್ದು ಬಂದು ಸೇರಿಕೊಂಡರು, ಗುಂಪು ಸ್ಪರ್ಧೆಯಿಲ್ಲದೆ ಮುಕ್ತಾಯದ ಗೆರೆ ದಾಟಿತು. ಮೊದಲೇ ಮುಂದೆ ಹೋಗಿದ್ದ ಸಿಲ್ವಾ ಶವನೆಲ್ ಗೆದ್ದು ಹಳದಿ ಅಂಗಿಯನ್ನೂ ಪಡೆದ. ಅಂದರೆ ಕಾನ್ಸೆಲಾರಾ ತನ್ನ ಅಂಗಿಯನ್ನೇ ಕಳೆದುಕೊಂಡ. ಆದರೆ ಬಿದ್ದವರಲ್ಲಿ ಅವನದೇ ತಂಡದ ಶ್ಲೆಕ್ ಸಹೋದರರಿದ್ದರು ಎಂಬುದನ್ನೂ ಹೇಳದಿದ್ದರೆ ನಾನು ಪೂರ್ತಿ ಸತ್ಯ ಹೇಳಿದಂತಾಗುವುದಿಲ್ಲ. ಅವರಿಗಾಗಿ ನಿಧಾನ ಮಾಡಿಸಿದ ಎಂದು ಅಂದು ಸಿಟ್ಟಾದವರೂ ಇದ್ದರು. ನನಗೆ ಅವನ ಮೇಲೆ ಗೌರವವಿದೆ. ಆದರೂ ಸ್ಪರ್ಧಿಯೇ ತೀರ್ಪುಗಾರನಾದರೆ ಅನುಮಾನ ತಪ್ಪಿದ್ದಲ್ಲ.

ಅರ್ಧ ತೀರ್ಮಾನವಂತೂ ಎಲ್ಲಕ್ಕಿಂತ ಕೆಟ್ಟದ್ದು. ಟೂರ್‌ನಂತೆಯೇ ಹಲವು ಹಂತಗಳಲ್ಲಿ ನಡೆಯುವ ಇಟಲಿಯ ಜಿರೋ ರೇಸಿನಲ್ಲಿ, 2014ರಲ್ಲಿ, ಸ್ಟೆಲ್ವಿಯೊ ಘಟ್ಟದ ಮೇಲೆ ಹಿಮ ಬೀಳುತ್ತಿತ್ತು. ಇಳಿಜಾರಿನಲ್ಲಿ ಗುಂಪುಗಳ ಮುಂದೆ ಕೆಂಪು ಬಾವುಟದ ಮೋಟಾರ್‌ಸೈಕಲ್ ಹೋಗುತ್ತದೆ ಎಂದು ರೇಡಿಯೋದಲ್ಲಿ ಹೇಳಿದರು. ಕೆಲವು ತಂಡಗಳು ಇಳಿಜಾರಿನಲ್ಲಿ ಸ್ಪರ್ಧೆ ಇಲ್ಲ ಎಂದು ತಿಳಿದವು, ಕೆಲವು ಇದೆ ಎಂದು ತಿಳಿದವು. ನೈರೋ ಕಿಂಟಾನಾ ಮುಂದೆ ಹೋದವರಲ್ಲಿದ್ದ. ಅಲ್ಲಿಯವರೆಗೆ ಒಟ್ಟು ಸಮಯದಲ್ಲಿ ಮುಂದಿದ್ದ ರಿಗೊಬೆರ್ಟೊ ಉರಾನ್ ನಾಲ್ಕು ನಿಮಿಷಕ್ಕಿಂತ ಹೆಚ್ಚು ಕಳೆದುಕೊಂಡ. ಜಿರೋ ಕಿಂಟಾನಾನದಾಯಿತು. ಯಾರದು ತಪ್ಪು ಎಂಬ ವಾದ ಇಂದಿಗೂ ಮುಗಿದಿಲ್ಲ. ನನ್ನ ಮಟ್ಟಿಗೆ ತಪ್ಪು ಇಬ್ಬರೂ ಸವಾರರದ್ದಲ್ಲ, ಎರಡು ಅರ್ಥ ಬರುವ ಮಾತನ್ನು ಹಿಮದ ನಡುವೆ ಆಡಿದವರದ್ದು.

ಇಂಥ ಅನುಭವಗಳ ಬಳಿಕವೇ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ 2016ರಿಂದ ವಿಪರೀತ ಹವಾಮಾನದ ನಿಯಮ ತಂದಿತು. ಹೆಪ್ಪುಗಟ್ಟುವ ಮಳೆ, ರಸ್ತೆಯಲ್ಲಿ ಕೂಡುವ ಹಿಮ, ಬಿರುಗಾಳಿ, ವಿಪರೀತ ಬಿಸಿ ಅಥವಾ ಚಳಿ, ಕಣ್ಣು ಕಾಣದ ಮಂಜು, ವಾಯುಮಾಲಿನ್ಯ, ಇವುಗಳ ಮುನ್ಸೂಚನೆ ಇದ್ದರೆ ಸಂಘಟಕರು, ತೀರ್ಪುಗಾರರು, ರೇಸಿನ ವೈದ್ಯರು, ತಂಡಗಳ ಮತ್ತು ಸವಾರರ ಪ್ರತಿನಿಧಿಗಳು ಒಟ್ಟಿಗೆ ಕೂತು ಮಾತಾಡಬೇಕು. ಹೊರಡುವ ಜಾಗ ಬದಲಿಸಬಹುದು, ಹೊತ್ತು ಬದಲಿಸಬಹುದು, ಒಂದು ಭಾಗದಲ್ಲಿ ಸ್ಪರ್ಧೆ ತಡೆಯಬಹುದು, ರದ್ದೂ ಮಾಡಬಹುದು. ಅದೇ ವರ್ಷ ಪ್ಯಾರಿಸ್–ನೀಸ್ ರೇಸಿನ ಒಂದು ಹಂತ ಹಿಮದಿಂದ ಅರ್ಧದಲ್ಲೇ ರದ್ದಾಯಿತು. ಒಳ್ಳೆಯ ನಿಯಮ. ಆದರೆ ಆ ಪಟ್ಟಿಯನ್ನು ಇನ್ನೊಮ್ಮೆ ನೋಡಿ ಅಕ್ಕಾ, ಬರಿಯ ಮಳೆ ಅದರಲ್ಲಿ ಇಲ್ಲ. ಜಾರುವ ರಸ್ತೆ ಇಲ್ಲ. ಅದು ಈಗಲೂ ಸವಾರನ ಪಾಲಿಗೇ ಬಿಟ್ಟದ್ದು.

2020ರ ಆಗಸ್ಟ್ 29ರಂದು ಫ್ರಾನ್ಸಿನ ನೀಸ್ ನಗರದಲ್ಲಿ ಟೂರ್ ಶುರುವಾದ ದಿನ ಅದೇ ಆಯಿತು. ಬಿಸಿಲಿಗೆ ಒಣಗಿದ್ದ ರಸ್ತೆಗೆ ಮಳೆ ಬಿದ್ದು, ಬಹಳ ಜನ ಉರುಳಿದರು. ಜರ್ಮನಿಯ ಟೋನಿ ಮಾರ್ಟಿನ್ ಗುಂಪಿನ ಮುಂದೆ ಎರಡೂ ಕೈ ಚಾಚಿ ನಿಧಾನ ಎಂದು ತಡೆದ. ಒಂದು ತಂಡ ಮಾತ್ರ ಇಳಿಜಾರಿನಲ್ಲಿ ಮುಂದೆ ನುಗ್ಗಿತು, ಆ ತಂಡದ ನಾಯಕನೇ ಜಾರಿ ರಸ್ತೆ ಬದಿಯ ಫಲಕಕ್ಕೆ ಹೋಗಿ ಬಡಿದ. ಒಣಗಿದ ರಸ್ತೆಗೆ ಮೊದಲ ಮಳೆ ಬಿದ್ದರೆ ಏನಾಗುತ್ತದೆಂದು ಮೃಗಶಿರಾ ಮಳೆ ಹಿಡಿದ ವಾರ ಕುಮಟಾ ಪೇಟೆಯಲ್ಲಿ ಬೈಕ್ ಓಡಿಸಿದವರಿಗೆ ಗೊತ್ತು. ತಿಂಗಳುಗಟ್ಟಲೆ ಕೂತ ಎಣ್ಣೆ, ಧೂಳು, ಟೈರಿನ ಪುಡಿ ನೀರಿನ ಮೇಲೆ ಎದ್ದು ಬರುತ್ತದೆ. ನಾಲ್ಕು ದಿನ ಜಡಿ ಮಳೆ ಹೊಯ್ದ ಮೇಲಿನ ರಸ್ತೆಗಿಂತ ಮೊದಲ ಅರ್ಧ ತಾಸು ಹೆಚ್ಚು ಮೋಸ.

ಹಾಗೆಂದು ಸವಾರರು ನಿಲ್ಲಿಸಿ ಎಂದಾಗಲೆಲ್ಲ ಅವರೇ ಸರಿ ಎಂದು ನಾನು ಹೇಳುವುದಿಲ್ಲ. 2020ರ ಜಿರೋದಲ್ಲಿ ಸ್ಟೆಲ್ವಿಯೊ ದಾಟಿದ ಮರುದಿನ 250 ಕಿ.ಮೀ.ಗೂ ಉದ್ದದ ಹಂತವಿತ್ತು. ಬೆಳಿಗ್ಗೆ ಮಳೆ. ಹೊರಡುವ ಗೆರೆಯಲ್ಲೇ ಸವಾರರು ಒಲ್ಲೆವೆಂದರು. ಹಂತವನ್ನು ಅರ್ಧಕ್ಕಿಳಿಸಿದರು, ರೇಸ್ ನಿರ್ದೇಶಕ ಮೌರೊ ವೆಗ್ನಿ ಬಹಿರಂಗವಾಗಿಯೇ ಸಿಟ್ಟಾದರು. ಆ ದಾರಿ ಬಹುಪಾಲು ಸಮತಟ್ಟು. ದಣಿವಿನ ದೂರನ್ನು ಅಪಾಯದ ಹೆಸರಿನಲ್ಲಿ ಹೇಳಿದಂತೆ ನನಗೆ ಕಂಡಿತು. ಹೀಗೆ ಮಾಡಿದರೆ ನಿಜವಾದ ಅಪಾಯ ಬಂದ ದಿನ ಅವರ ಮಾತಿಗೆ ತೂಕ ಉಳಿಯುವುದಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. 1995ರಲ್ಲಿ ಟೂರ್‌ನಲ್ಲಿ ತೀರಿಕೊಂಡ ಫಾಬಿಯೊ ಕಸಾರ್ಟೆಲಿ, 2011ರಲ್ಲಿ ಜಿರೋದಲ್ಲಿ ವೌಟರ್ ವೇಲಾಂಟ್, 2023ರಲ್ಲಿ ಸ್ವಿಟ್ಜರ್ಲೆಂಡಿನ ರೇಸಿನಲ್ಲಿ ಇಪ್ಪತ್ತಾರರ ಜಿನೊ ಮೇಡರ್, ಈ ಮೂವರೂ ಬಿದ್ದದ್ದು ಘಟ್ಟ ಇಳಿಯುವಾಗ, ಒಣ ರಸ್ತೆಯಲ್ಲಿ. ಮಳೆ ಬಂದಾಗ ನಿಲ್ಲಿಸುವ ಯಾವ ನಿಯಮವೂ ಅವರನ್ನು ಉಳಿಸುತ್ತಿರಲಿಲ್ಲ. ಯಾವ ಇಳಿಜಾರನ್ನು ರೇಸಿಗೆ ಆರಿಸಬೇಕು, ಎಲ್ಲಿ ಮೆತ್ತೆ ಕಟ್ಟಬೇಕು, ಇಳಿದ ಕೂಡಲೇ ಮುಕ್ತಾಯದ ಗೆರೆ ಇಡಬೇಕೇ ಬೇಡವೇ ಎಂಬುದು ತಿಂಗಳುಗಟ್ಟಲೆ ಮೊದಲು ನಕ್ಷೆ ಹಿಡಿದು ಕೂತವರ ಕೈಯಲ್ಲಿದೆ. 2024ರ ಸೆಪ್ಟೆಂಬರಿನಲ್ಲಿ ಜೂರಿಕ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಹದಿನೆಂಟು ವರ್ಷದ ಮೂರಿಯಲ್ ಫುರರ್ ಎಂಬ ಹುಡುಗಿ ಮಳೆಗೆ ಒದ್ದೆಯಾದ ಕಾಡಿನ ಇಳಿಜಾರಿನಲ್ಲಿ ಬಿದ್ದಳು. ಕಿವಿಗೆ ರೇಡಿಯೋ ಇರಲಿಲ್ಲ. ಅವಳು ಬಿದ್ದದ್ದು ಕೂಡಲೇ ಯಾರಿಗೂ ತಿಳಿಯಲಿಲ್ಲ. ಮರುದಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ನಿಮ್ಮ ಮಗನಿಗಿಂತ ಚಿಕ್ಕವಳು. ಬಿದ್ದವರ ಬಳಿ ಬೇಗ ತಲುಪಲು ಆಗದ ರಸ್ತೆಯಲ್ಲಿ, ಆಗದ ಹವೆಯಲ್ಲಿ ರೇಸ್ ನಡೆಸಬಾರದು ಎಂಬುದನ್ನು ನಾನು ಎಲ್ಲ ನಿಯಮಗಳಿಗಿಂತ ಮೊದಲು ಇಡುತ್ತೇನೆ.

ನನ್ನ ಕತೆಯನ್ನೂ ಹೇಳಲೇಬೇಕು. ಕೆಲವು ವರ್ಷದ ಹಿಂದೆ ಘಟ್ಟದ ಮೇಲಿನ ಒಂದು ಚಿಕ್ಕ ರೇಸಿಗೆ ತೀರ್ಪುಗಾರನಾಗಿ ಹೋಗಿದ್ದೆ. ಸೆಪ್ಟೆಂಬರ್ ಕೊನೆ, ಮಳೆ ಹಿಂದೆ ಸರಿಯಿತು ಎಂದುಕೊಂಡ ದಿನಗಳು. ಬೆಳಿಗ್ಗೆ ದಾರಿ ನೋಡಿ ಬರುವಾಗ ಒಂದು ಇಳಿಜಾರಿನ ತಿರುವಿನಲ್ಲಿ ಹೊಸದಾಗಿ ಕಡಿದ ಧರೆಯಿಂದ ಕೆಮ್ಮಣ್ಣು ಇಳಿದು ರಸ್ತೆ ಮೇಲೆ ತೆಳ್ಳಗೆ ಹರಡಿದ್ದು ಕಂಡೆ. ಕಾರು ನಿಲ್ಲಿಸಿ ಕಾಲಿನಿಂದ ಒರೆಸಿಯೂ ನೋಡಿದೆ, ಬೆಣ್ಣೆಯಂತೆ ಜಾರುತ್ತಿತ್ತು. ಸಂಘಟಕರಿಗೆ ಹೇಳಿದೆ. ಅತಿಥಿಗಳು ಬಂದಾಗಿದೆ, ಹುಡುಗರಿಗೆ ಹುಷಾರು ಎಂದು ಹೇಳಿದರಾಯಿತು ಎಂದರು. ನಾನು ಒಪ್ಪಿಕೊಂಡೆ. ಹುಡುಗರಿಗೆ ಹುಷಾರು ಎಂದೂ ಹೇಳಿದೆವು. ಎರಡನೇ ಸುತ್ತಿನಲ್ಲಿ ಐದು ಜನ ಅದೇ ತಿರುವಿನಲ್ಲಿ ಬಿದ್ದರು, ಒಬ್ಬನ ಕತ್ತಿನ ಬಳಿಯ ಎಲುಬು ಮುರಿಯಿತು. ಅವನ ತಂದೆ ನನ್ನನ್ನು ಬೈಯಲಿಲ್ಲ, "ನೀವು ಮೊದಲೇ ನೋಡಿದ್ದಿರಂತೆ ಹೌದಾ" ಎಂದು ಕೇಳಿದರು. ಹೌದು ಎಂದೆ. ಅಂದಿನಿಂದ ನಾನು ತೀರ್ಪುಗಾರನಾಗಿ ಹೋಗುವ ಯಾವ ರೇಸಿಗೂ, ಯಾವ ಸ್ಥಿತಿಯಲ್ಲಿ ಯಾರು ನಿಲ್ಲಿಸುತ್ತಾರೆ ಎಂಬುದನ್ನು ಹಿಂದಿನ ದಿನವೇ ಬರೆದು ಸಹಿ ಮಾಡಿಸಿಕೊಳ್ಳುತ್ತೇನೆ. ಅತಿಥಿಗಳು ಬಂದು ಕೂತ ಮೇಲೆ ಯಾರಿಗೂ ಇಲ್ಲವೆನ್ನುವ ಧೈರ್ಯ ಬರುವುದಿಲ್ಲ. ನನಗೇ ಬರಲಿಲ್ಲ.

ಹಳೆಯ ವೀರಗಾಥೆಗಳನ್ನು ನಿಮ್ಮ ಮಗ ಎತ್ತಬಹುದು. 1988ರಲ್ಲಿ ಗಾವಿಯಾ ಘಟ್ಟದ ಹಿಮದಲ್ಲಿ ಅಮೆರಿಕದ ಆ್ಯಂಡಿ ಹ್ಯಾಂಪ್‌ಸ್ಟನ್ ಜಿರೋದಲ್ಲಿ ಮುಂದಿರುವವನು ತೊಡುವ ಗುಲಾಬಿ ಅಂಗಿ ಗಳಿಸಿದ ಕತೆ ಎಲ್ಲರಿಗೂ ಗೊತ್ತು. ಅದೇ ದಿನ ಎಲ್ಲರಿಗಿಂತ ಮೊದಲು ತುದಿ ಮುಟ್ಟಿದವನು ಯೋಹಾನ್ ವಾನ್ ಡರ್ ವೆಲ್ಡೆ. ಗಿಡ್ಡ ತೋಳಿನ ಅಂಗಿಯಲ್ಲಿ ಹತ್ತಿದ್ದ, ಇಳಿಯಲಾರದೆ ಚಳಿಗೆ ಆಸರೆ ಹುಡುಕಿಕೊಂಡು ನಿಂತ, ಗೆರೆ ಮುಟ್ಟಿದಾಗ ಮುಕ್ಕಾಲು ತಾಸಿಗೂ ಹೆಚ್ಚು ತಡವಾಗಿತ್ತು. ಅವನ ಕತೆಯನ್ನೂ ಕೇಳಲಿ. 2013ರಲ್ಲಿ ಇಟಲಿಯ ಮಿಲಾನ್–ಸಾನ್ ರೆಮೊ ರೇಸನ್ನು ಹಿಮದಿಂದ ನಡುವೆ ನಿಲ್ಲಿಸಿ, ಸವಾರರನ್ನು ಬಸ್ಸಿನಲ್ಲಿ ಘಟ್ಟ ದಾಟಿಸಿ, ಕಡಲ ಕಡೆಯಿಂದ ಮತ್ತೆ ಶುರು ಮಾಡಿದರು. ಗೆದ್ದ ಗೆರಾಲ್ಡ್ ಚೋಲೆಕ್‌ನ ಗೆಲುವು ದಾಖಲೆಯಲ್ಲಿ ಬೇರೆ ವರ್ಷಗಳ ಗೆಲುವುಗಳಷ್ಟೇ ಪೂರ್ತಿ.

ಈಗ ನಿಮ್ಮ ಮನೆಯ ಮಾತು. ಮೊಬೈಲಿನಲ್ಲಿ ಅವನು ನೋಡುವ ರಸ್ತೆ ಮುಚ್ಚಿದ ರಸ್ತೆ. ಎದುರಿನಿಂದ ಏನೂ ಬರುವುದಿಲ್ಲ ಎಂಬ ಖಾತ್ರಿಯಿಂದ ಅವರು ತಿರುವಿನ ಆ ಅಂಚಿನಿಂದ ಈ ಅಂಚಿನವರೆಗೆ ರಸ್ತೆಯ ಪೂರ್ತಿ ಅಗಲ ಬಳಸುತ್ತಾರೆ. ಹಿಂದೆ ವೈದ್ಯರ ಕಾರು ಇರುತ್ತದೆ. ದೇವಿಮನೆಯಲ್ಲಿ ಎದುರಿಗೆ ಬಸ್ಸು ಇದೆ, ತಿರುವು ಕಡಿದು ಬರುವ ಲಾರಿ ಇದೆ, ಮಂಜು ಇದೆ, ರಸ್ತೆ ಅಗಲ ಮಾಡಲು ಕಡಿದ ಧರೆಯಿದೆ, ನೆರಳಿನ ತಿರುವಿನಲ್ಲಿ ಹಾವಸೆ ಇದೆ. ಕೆಳಗೆ ಹೆದ್ದಾರಿಗೆ ಬಂದರೆ ಮೀನಿನ ಲಾರಿ ಸೋರಿಸಿದ ನೀರು. ಮೊಬೈಲ್ ಸಿಗ್ನಲ್ ಎಲ್ಲಿ ಇಲ್ಲ ಎಂಬುದು ನಿಮಗೇ ಗೊತ್ತು. ಅಲ್ಲಿ ಒಬ್ಬನೇ ಬಿದ್ದರೆ ಎಷ್ಟು ಹೊತ್ತಿಗೆ ಯಾರು ನೋಡುತ್ತಾರೆ?

ರೇಸ್ ಬಿಡು ಎಂದು ಹೇಳಬೇಡಿ ಅಕ್ಕಾ. ಅವನ ಆಸೆ ಒಳ್ಳೆಯದು. ಘಟ್ಟ ಹತ್ತುವುದರಲ್ಲೇ ಸವಾರನ ಬಲ ಬೆಳೆಯುವುದು, ಹತ್ತುವಾಗ ಬಿದ್ದರೂ ಮೊಣಕೈ ತರಚೀತು ಅಷ್ಟೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಊರಿಗೆ ಬಸ್ಸಿನಲ್ಲಿ ಇಳಿದು ಬರಲಿ, ಸೈಕಲ್ಲನ್ನು ಯಾರದಾದರೂ ಗಾಡಿಯಲ್ಲಿ ತರಿಸಿಕೊಳ್ಳಲಿ. ಮಳೆ ಬಿಟ್ಟ ಬೆಳಗಿನಲ್ಲಿ ಕೆಂಪು ದೀಪ ಹಾಕಿಕೊಂಡು, ಜೊತೆಗೊಬ್ಬನನ್ನು ಕರೆದುಕೊಂಡು ಕುಮಟಾದಿಂದ ಹತ್ತಿ ಹೋಗಲಿ. ಉಳಿದ ದಿನ ಶಿರಸಿಯಿಂದ ಬನವಾಸಿ ರಸ್ತೆ ಇದೆ, ಅಂಥ ಇಳಿಜಾರಿಲ್ಲ. ಒದ್ದೆಯಲ್ಲಿ ತಿರುಗುವುದನ್ನೂ ಕಲಿಯಲೇಬೇಕು, ನಾಳೆ ರೇಸಿನಲ್ಲಿ ಮಳೆ ಬಂದೇ ಬರುತ್ತದೆ. ಅದಕ್ಕೆ ಯಾವುದಾದರೂ ಖಾಲಿ ಮೈದಾನದ ಡಾಂಬರು ಸಾಕು. ಟೈರಿನ ಗಾಳಿ ಸ್ವಲ್ಪ ಇಳಿಸಿ, ತಿರುವಿಗೆ ಮೊದಲೇ ಬ್ರೇಕ್ ಮುಗಿಸಿ, ತಿರುವಿನೊಳಗೆ ಬ್ರೇಕ್ ಮುಟ್ಟದೆ ದಾಟುವುದನ್ನು ಮೊದಲು ಗಂಟೆಗೆ 15 ಕಿ.ಮೀ.ಯಲ್ಲಿ, ಆಮೇಲೆ 20ರಲ್ಲಿ ಅಭ್ಯಾಸ ಮಾಡಲಿ. ಜಿಲ್ಲಾಡಳಿತ ಘಟ್ಟದಲ್ಲಿ ಭಾರಿ ವಾಹನ ನಿಲ್ಲಿಸಿದ ದಿನ, ಶಾಲೆಗೆ ರಜೆ ಕೊಟ್ಟ ದಿನ, ಸೈಕಲ್ ರೂಮಿನಲ್ಲೇ ಇರಲಿ. ಬನವಾಸಿ ರಸ್ತೆಯೂ ಬೇಡ.

ಅಕ್ಟೋಬರ್ ನಡುವಿನ ಹೊತ್ತಿಗೆ ಮಳೆ ಹಿಂದೆ ಸರಿಯುತ್ತದೆ. ಒಂದು ಭಾನುವಾರ ಅವನನ್ನು ದೇವಿಮನೆ ದೇವಸ್ಥಾನದ ಹತ್ತಿರ ಬರಲು ಹೇಳಿ, ನಾನೂ ಬರುತ್ತೇನೆ. ಬೆಳಿಗ್ಗೆ ಏಳಕ್ಕೆ. ಮೊದಲು ಕಾರಿನಲ್ಲಿ ಇಬ್ಬರೂ ಇಳಿದು, ಪ್ರತಿ ತಿರುವಿನಲ್ಲಿ ನಿಂತು ರಸ್ತೆ ನೋಡುತ್ತೇವೆ. ಆಮೇಲೆ ಅವನು ನನ್ನ ಹಿಂದೆ ಇಳಿಯಲಿ.